ತಳವಾರನ ಕಲ್ಲು, ಪೇದೆಯ ಠಾಣೆ: ಬೆಂಗಳೂರಿನ ಕಾವಲಿನ ಹಳೆಯ ಕಥೆ

ಕಳೆದ ತಿಂಗಳು ಬೆಂಗಳೂರಿನ ಹೊರವಲಯದ ಒಂದು ಹಳ್ಳಿಯಲ್ಲಿ ವೀರಗಲ್ಲು ನೋಡಲು ಹತ್ತಿಪ್ಪತ್ತು ಜನ ಸೇರಿದ್ದೆವು. ತುರುಗೋಳಿನ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ದನಗಳು, ಅವುಗಳ ಮುಂದೆ ಬಿಲ್ಲು ಹಿಡಿದ ವೀರ. ನಡುವಿನ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ನಾನು ಎಂದಿನಂತೆ ತುರುಗೋಳ್ ಅಂದ್ರೆ ಏನು, ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಯಾಕೆ ಓದಬೇಕು ಅಂತ ಹೇಳ್ತಾ ಇದ್ದೆ. ಅಮ್ಮನ ಜೊತೆ ಬಂದಿದ್ದ ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: "ಅಂಕಲ್, ದನ ಕದ್ದವ್ರನ್ನ ಹಿಡಿಯೋಕೆ ಆಗ ಪೊಲೀಸ್ ಇರ್ಲಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕು, "ಇದ್ರು ಪುಟ್ಟಿ, ಆಗ ಅವ್ರನ್ನ ತಳವಾರ ಅಂತಿದ್ರು" ಅಂದು ಮುಂದಿನ ಕಲ್ಲಿಗೆ ಹೋಗಿಬಿಟ್ಟೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ನನ್ನ ಉತ್ತರ ತಪ್ಪು ಅನ್ನಿಸಿತು. ಪೂರ್ತಿ ಸುಳ್ಳೇನಲ್ಲ, ಆದರೆ ದಾರಿ ತಪ್ಪಿಸುವ ಉತ್ತರ. ನಾವು ಶಾಸನ ಓದುವವರು ಈ ತಪ್ಪನ್ನು ಆಗಾಗ ಮಾಡ್ತೀವಿ. ಹಳೆಯ ಪದವೊಂದು ಸಿಕ್ಕ ಕೂಡಲೇ ಅದಕ್ಕೆ ಇವತ್ತಿನ ಹುದ್ದೆಯೊಂದನ್ನು ಅಂಟಿಸಿಬಿಡ್ತೀವಿ. ಹಾಗಾಗಿ ಆ ಹುಡುಗಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಬೆಂಗಳೂರಿನ ಪೊಲೀಸ್ ಇಲಾಖೆಯ ಮೊದಲ ದಿನಗಳ ಕಥೆಯೂ ಇದರೊಳಗೇ ಬರುತ್ತದೆ. ಆದರೆ ಅದಕ್ಕೆ ಮೊದಲು ಶಾಸನಗಳಲ್ಲಿ ಕಾವಲಿನವರು ಎಲ್ಲೆಲ್ಲಿ ಕಾಣಿಸುತ್ತಾರೆ ಅನ್ನುವುದನ್ನು ನೋಡೋಣ.

ಒಳಗೆ ಬರಬೇಡಿ ಅನ್ನುವ ಶಾಸನಗಳು

ವಿಚಿತ್ರ ಅಂದ್ರೆ, ತಾಮ್ರಪಟಗಳಲ್ಲಿ ರಾಜಭಟರು ಹೆಚ್ಚಾಗಿ ಕಾಣಿಸುವುದು "ಇವರು ಒಳಗೆ ಬರಕೂಡದು" ಅನ್ನುವ ಮಾತಿನಲ್ಲಿ. ಬ್ರಾಹ್ಮಣರಿಗೋ ದೇವಸ್ಥಾನಕ್ಕೋ ಊರನ್ನು ದಾನ ಕೊಡುವಾಗ "ಅಚಾಟಭಟಪ್ರವೇಶ" ಅನ್ನುವ ಷರತ್ತು ಬರುತ್ತದೆ. ವಾಕಾಟಕರಿಂದ ಹಿಡಿದು ರಾಷ್ಟ್ರಕೂಟರವರೆಗೆ ಈ ಷರತ್ತು ಒಂದಲ್ಲ ಒಂದು ರೂಪದಲ್ಲಿ ಮುಂದುವರಿಯುತ್ತದೆ. ಚಾಟರು, ಭಟರು ಅಂದರೆ ರಾಜನ ಆಳುಗಳು ಆ ಊರಿಗೆ ಕಾಲಿಡಬಾರದು. ಅವರು ಬಂದರೆ ಊಟ, ಬಿಡಾರ, ಬಿಟ್ಟಿ ಕೆಲಸ ಎಲ್ಲ ಊರಿನ ತಲೆಗೇ. ಅವರಿಂದ ಬಿಡುಗಡೆ ಸಿಗುವುದೇ ದಾನದ ಒಂದು ಭಾಗ ಆಗಿತ್ತು.

ಇದರ ಜೊತೆಗೆ ಇನ್ನೊಂದು ಪದಗುಚ್ಛ ಬರುತ್ತದೆ, "ಸದಂಡದಶಾಪರಾಧ". ಹತ್ತು ಬಗೆಯ ಅಪರಾಧಗಳಿಗೆ ಹಾಕುವ ದಂಡದ ಹಣವೂ ದಾನ ಪಡೆದವರಿಗೇ ಸೇರಬೇಕು ಅನ್ನುವುದು ಇದರ ಅರ್ಥ. ಮಧ್ಯಭಾರತದ ಪರಿವ್ರಾಜಕರ ಶಾಸನಗಳಲ್ಲಿ ಮಾತ್ರ "ಚೋರವರ್ಜ" ಅನ್ನುವ ಮಾತುಂಟು. ಉಳಿದೆಲ್ಲ ನಿಮ್ಮದು, ಕಳ್ಳರ ವಿಚಾರ ನಮಗೆ ಬಿಡಿ ಅನ್ನುವ ಹಾಗೆ. ಅಂದರೆ ಅಪರಾಧ, ದಂಡ, ಕಾವಲು ಇವೆಲ್ಲ ಹಂಚಿಕೊಳ್ಳಬಹುದಾದ ಹಕ್ಕುಗಳಾಗಿದ್ದವು. ಒಂದು ಇಲಾಖೆ, ಒಂದು ಸಮವಸ್ತ್ರ, ಎಲ್ಲ ಊರಿಗೂ ಒಂದೇ ಕಾನೂನು ಅನ್ನುವ ಕಲ್ಪನೆ ಅಲ್ಲಿಲ್ಲ.

ಊರು ದೊಡ್ಡದಾದಾಗ ಏನಾಗುತ್ತಿತ್ತು? ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಇವತ್ತಿನ ಲಕ್ಷ್ಮೇಶ್ವರ, ಆಗಿನ ಪೊರಿಗೆರೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ 8ನೇ ಶತಮಾನದ ಮೊದಲ ಭಾಗದಲ್ಲಿ ಆ ಪಟ್ಟಣದ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ ಒಂದು ಆಚಾರವ್ಯವಸ್ಥೆಯನ್ನು ಹಾಕಿಕೊಟ್ಟ. ರಾಜಪುರುಷರು ಕಾಪಾಡಬೇಕಾದ ಸಂಗತಿಗಳ ಪಟ್ಟಿಯೊಂದು ಆ ಕನ್ನಡ ಶಾಸನದಲ್ಲಿದೆ. ರಾಜನ ದಾನ, ತಾಮ್ರಶಾಸನ, ಜನ ಅನುಭವಿಸಿಕೊಂಡು ಬಂದ ಆಸ್ತಿ ಇವುಗಳ ಜೊತೆಗೆ ಜನವಿಲ್ಲದೆ ಖಾಲಿ ಬಿದ್ದ ಮನೆಗಳೂ ಆ ಪಟ್ಟಿಯಲ್ಲಿವೆ! ಇವತ್ತು ರಜೆಗೆ ಊರಿಗೆ ಹೋಗುವಾಗ "ಬೀಗ ಹಾಕಿದ ಮನೆಯ ವಿಳಾಸ ಠಾಣೆಗೆ ತಿಳಿಸಿ" ಅನ್ನುವ ಪ್ರಕಟಣೆ ಓದಿದಾಗಲೆಲ್ಲ ನನಗೆ ಪೊರಿಗೆರೆ ನೆನಪಾಗುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ದಂಡದ ಹಣ ಸಲ್ಲಬೇಕಾದದ್ದು ಪಟ್ಟಣದ ಶ್ರೇಣಿಗೆ. ಕಾಯುವವರು ರಾಜನ ಕಡೆಯವರು, ಹಣ ಮಾತ್ರ ಊರಿನವರದು.

ತಳವಾರ ಯಾರು?

ಈಗ ನಾನು ಅವಸರದಲ್ಲಿ ಹೇಳಿಬಿಟ್ಟ ಪದಕ್ಕೆ ಬರೋಣ. "ತಳವರ" ಅನ್ನುವುದು ಮೊದಲು ದೊಡ್ಡ ಪದವಿ. ನಾಗಾರ್ಜುನಕೊಂಡದ 3ನೇ ಶತಮಾನದ ಇಕ್ಷ್ವಾಕು ಶಾಸನಗಳಲ್ಲಿ "ಮಹಾತಳವರ" ಅನ್ನುವವರು ರಾಜಮನೆತನದ ನೆಂಟರು, ಸೇನಾಪತಿಗಳ ಸಾಲಿನವರು. ಅವರ ಹೆಂಡತಿಯರು "ಮಹಾತಳವರಿ" ಅನ್ನಿಸಿಕೊಂಡು ಬೌದ್ಧ ವಿಹಾರಗಳಿಗೆ ದಾನ ಕೊಟ್ಟಿದ್ದಾರೆ. ಕೆಲವು ಶತಮಾನಗಳು ಕಳೆದು ಕನ್ನಡ ಶಾಸನಗಳಿಗೆ ಬಂದರೆ ಅದೇ ಪದ "ತಳಾರ", "ತಳವಾರ" ಆಗಿ ಪಟ್ಟಣದ ಇಲ್ಲವೇ ಊರಿನ ಕಾವಲುಗಾರನ ಹೆಸರಾಗಿದೆ. ವಿಜಯನಗರ ಕಾಲದ ತೆರಿಗೆಗಳ ಪಟ್ಟಿಯಲ್ಲಿ "ತಳವಾರಿಕೆ" ಅನ್ನುವುದು ಜನ ಕಟ್ಟಬೇಕಾದ ಒಂದು ತೆರಿಗೆಯೂ ಹೌದು. ರಾಜರ ನೆಂಟನಿಂದ ಊರ ಬಾಗಿಲು ಕಾಯುವವನವರೆಗೆ ಇಳಿದು ಬಂದ ಪದ ಇದು. ಹೊಸದಾಗಿ ಓದಲು ಶುರುಮಾಡಿದವರಿಗೆ ಒಂದು ಎಚ್ಚರಿಕೆ: ದೇವಸ್ಥಾನದ ಶಾಸನಗಳಲ್ಲಿ ಬರುವ "ತಳವೃತ್ತಿ" ಬೇರೆ. ಅದು ದೇವರಿಗೆ ಬಿಟ್ಟ ಭೂಮಿ. ಎರಡನ್ನೂ ಕಲಸಿಕೊಳ್ಳಬೇಡಿ.

ತಳವಾರ ಒಬ್ಬನೇ ಅಲ್ಲ, ಅವನ ಸೋದರಸಂಬಂಧಿಗಳೂ ಇದ್ದಾರೆ. ಗ್ವಾಲಿಯರಿನ ಚತುರ್ಭುಜ ದೇವಾಲಯದ ಕ್ರಿ.ಶ. 876ರ ಶಾಸನ ಗಣಿತದವರಿಗೆ ತುಂಬ ಪ್ರಿಯ, ಸೊನ್ನೆಯ ಅಂಕಿ ಅದರಲ್ಲಿದೆ ಅಂತ. ಆದರೆ ಆ ಶಾಸನದ ಕಾಲದಲ್ಲಿ ಗೋಪಾದ್ರಿಯ ಕೋಟೆ ಕಾಯುತ್ತಿದ್ದ ಅಧಿಕಾರಿ ಅಲ್ಲ ಅನ್ನುವವನ ಪದವಿ "ಕೋಟ್ಟಪಾಲ". ಮುಂದೆ ಪಾರ್ಸಿ ಆಡಳಿತದಲ್ಲಿ ಕೇಳಿಬರುವ ಕೊತ್ವಾಲನೂ ಇದೇ ಪದದ ಮನೆಯವನು. (ಬೆಂಗಳೂರಿನ ಹಳಬರಿಗೆ ಕೊತ್ವಾಲ ಅಂದ್ರೆ ಬೇರೆಯೇ ನೆನಪು ಬರುತ್ತೆ, ಅದು ಪೊಲೀಸರ ಕಥೆಯಲ್ಲ ಬಿಡಿ!) ನಮ್ಮ "ಠಾಣೆ" ಕೂಡ ಸಂಸ್ಕೃತದ "ಸ್ಥಾನ"ದಿಂದ ಹೊರಟು ಪ್ರಾಕೃತದ ದಾರಿಯಲ್ಲಿ ಬಂದದ್ದು.

ಕಾದವನೇ ಹೊಣೆ

ಪದಗಳ ಸಂಬಂಧ ಇಷ್ಟು ಹತ್ತಿರ ಇರುವಾಗ ತಳವಾರನನ್ನು ಹಳೇ ಕಾಲದ ಪೊಲೀಸ್ ಅಂದರೆ ತಪ್ಪೇನು?

ತಪ್ಪು ಇರುವುದು ಹೊಣೆಯಲ್ಲಿ. 12ನೇ ಶತಮಾನದ ಹೊತ್ತಿಗೆ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ನಮಗೆ ಗೊತ್ತಿರುವುದು ಆಸ್ತಿ ಹಂಚಿಕೆಯ ಗ್ರಂಥವಾಗಿ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯ ಕಳ್ಳತನದ ಪ್ರಕರಣವನ್ನು ಒಮ್ಮೆ ಓದಿ ನೋಡಿ. ಕಳ್ಳನ ಹೆಜ್ಜೆ ಊರು ಬಿಟ್ಟು ಹೊರಗೆ ಹೋಗದಿದ್ದರೆ ಊರಿನ ಒಡೆಯನೇ ಹೊಣೆ. ಹೆಜ್ಜೆಯ ಜಾಡು ಪಕ್ಕದ ಊರಿಗೆ ಹೋದರೆ ಆ ಊರು ಕೊಡಬೇಕು. ಕಳ್ಳರು ಒಯ್ದ ಸೊತ್ತನ್ನು ರಾಜ ಪ್ರಜೆಗೆ ಹಿಂದಿರುಗಿಸಬೇಕು ಅನ್ನುವ ನಿಯಮವೂ ಅಲ್ಲೇ ಇದೆ. ಈ ಲೆಕ್ಕದಲ್ಲಿ ಕಾವಲು ಅಂದರೆ ಬರೀ ನೋಡಿಕೊಳ್ಳುವುದಲ್ಲ. ಕಳೆದರೆ ಕಟ್ಟಿಕೊಡುವುದು.

ಈಗ ಮತ್ತೆ ತುರುಗೋಳಿನ ಕಲ್ಲಿಗೆ ಹೋಗಿ ನೋಡಿ. ದನಗಳು ಊರ ಗಡಿ ದಾಟಿದರೆ ಮತ್ತೆ ಸಿಗುವುದು ಕಷ್ಟ. ಗಡಿಯೊಳಗೇ ತಡೆಯಬೇಕು. ಆ ಕಲ್ಲಿನ ಮೇಲಿರುವವನು ಕೆಲಸಕ್ಕೆ ನೇಮಕಗೊಂಡ ಕಾವಲುಗಾರನೇ ಆಗಿರಬೇಕಿಲ್ಲ. ಗಾವುಂಡನ ಮಗನೋ, ದನ ಕಾಯುವವನೋ, ಕೂಗು ಕೇಳಿ ಮನೆಯಿಂದ ಓಡಿಬಂದವನೋ ಇರಬಹುದು. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಹೀಗೆ ವೀರಗಲ್ಲುಗಳು ಹೇಳುವ ಸಾವಿನ ಕಾರಣಗಳೆಲ್ಲ ಊರಿನ ಮೇಲೆ ಬಂದ ಆಪತ್ತುಗಳೇ. ಸತ್ತವನ ಮನೆಗೆ ಭೂಮಿ ಬರುತ್ತಿತ್ತು. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ ಅಂತ ಅದಕ್ಕೆ ಬೇರೆ ಬೇರೆ ಹೆಸರು. ಬಾಳ್ಗಳ್ಚು ಅನ್ನುವ ಪದ ಹಲ್ಮಿಡಿ ಶಾಸನದಲ್ಲೇ ಇದೆ. ಬೆಂಗಳೂರಿನ ಹೆಸರು ಮೊದಲು ಸಿಗುವ ಬೇಗೂರಿನ ಕಲ್ಲು ಕೂಡ, ಆ ಊರಿನ ಕಾಳಗದಲ್ಲಿ ಸತ್ತವನೊಬ್ಬನ ನೆನಪಿನದೇ. ಸುಮಾರು ಕ್ರಿ.ಶ. 890ರದು ಅಂತ ಅದರ ಕಾಲ ಹೇಳುತ್ತಾರೆ. ನಮ್ಮ ನಗರದ ಹೆಸರು ದಾಖಲೆಗೆ ಬಂದದ್ದೇ ಕಾದು ಸತ್ತ ಒಬ್ಬನ ಕಾರಣದಿಂದ.

ಹಾಗಂತ ಆ ಕಾಲವನ್ನು ಹೊಗಳುವ ಆತುರ ಬೇಡ. ದಂಡ ಕ್ರೂರವಾಗಿತ್ತು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್, ಕಳ್ಳತನ ಎಷ್ಟೇ ಸಣ್ಣದಾದರೂ ಕೈ ಕಾಲು ಕತ್ತರಿಸುತ್ತಿದ್ದರು ಅಂತ ಬರೆದಿದ್ದಾನೆ.

ಅದೇ ವಿಜಯನಗರಕ್ಕೆ 1443ರಲ್ಲಿ ಬಂದಿದ್ದ ಅಬ್ದುರ್ ರಜಾಕ್ ಇನ್ನೊಂದು ಸಂಗತಿ ಹೇಳುತ್ತಾನೆ. ಟಂಕಸಾಲೆಯ ಎದುರಿಗೆ ನಗರದ ಅಧಿಕಾರಿಯ ಕಚೇರಿ, ಅವನ ಕೈಕೆಳಗೆ 12,000 ಕಾವಲಿನವರು. ಅವರ ಸಂಬಳ ದಿನಕ್ಕೆ 12,000 ಹಣ, ಅದು ಬರುತ್ತಿದ್ದದ್ದು ವೇಶ್ಯಾವಾಟಿಕೆಗಳ ಆದಾಯದಿಂದ. ಅಂಕಿ ಅವನು ಕೇಳಿ ಬರೆದದ್ದು, ಅದನ್ನು ಅಕ್ಷರಶಃ ನಂಬಬೇಕಿಲ್ಲ. ಮುಖ್ಯವಾದದ್ದು ಬೇರೆ. ಊರು ಮಹಾನಗರವಾದಾಗ ಊರವರೇ ಕಾಯುವುದು ಸಾಲದೆ ಸಂಬಳದ ಪಡೆ ಬರುತ್ತದೆ. ಆಗ "ಸಂಬಳ ಯಾರು ಕೊಡೋದು, ಎಲ್ಲಿಂದ?" ಅನ್ನುವ ಪ್ರಶ್ನೆಯೂ ಬರುತ್ತದೆ. ಬೆಂಗಳೂರಿಗೆ ಈ ಪ್ರಶ್ನೆ ಬಂದದ್ದು ತೀರ ತಡವಾಗಿ.

ಎರಡು ಹಲಸೂರು

ಬೆಂಗಳೂರಿನಲ್ಲಿ "ಹಲಸೂರು ಠಾಣೆ" ಅಂತ ಆಟೋದವರಿಗೆ ಹೇಳಿ ನೋಡಿ. "ಗೇಟಾ, ಬರೀ ಹಲಸೂರಾ?" ಅಂತ ಕೇಳ್ತಾರೆ. ಹಲಸೂರು ಗೇಟ್ ಪೊಲೀಸ್ ಠಾಣೆ ಇರುವುದು ಹಳೆಯ ಪೇಟೆಯ ಕಡೆ, ಕಾರ್ಪೊರೇಷನ್ ವೃತ್ತದ ಹತ್ತಿರ. ಹಲಸೂರು ಠಾಣೆ ಇರುವುದು ಕೆರೆಯ ಕಡೆ, ದಂಡು ಪ್ರದೇಶದಲ್ಲಿ. ಈ ಎರಡು ಹೆಸರುಗಳಲ್ಲೇ ನಗರದ ಕಾವಲಿನ ಚರಿತ್ರೆ ಅಡಗಿದೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರು ಅನ್ನುವ ಪೇಟೆಗೆ ಸುತ್ತ ಮಣ್ಣಿನ ಕೋಟೆ, ಬೇರೆ ಬೇರೆ ಊರಿನ ದಾರಿಗೆ ತೆರೆಯುವ ಬಾಗಿಲುಗಳು ಇದ್ದವು. ಹಲಸೂರಿನ ಕಡೆ ಹಲಸೂರು ಬಾಗಿಲು, ಯಲಹಂಕದ ಕಡೆ ಯಲಹಂಕ ಬಾಗಿಲು. ಹಿಂದಿನ ಕೋಟೆಪಟ್ಟಣಗಳಲ್ಲಿ ಕಾವಲಿನ ಅರ್ಧ ಕೆಲಸ ಬಾಗಿಲಿನದು. ರಾತ್ರಿ ಮುಚ್ಚಿದರೆ ಹೊರಗಿನ ಕಳ್ಳ ಹೊರಗೇ, ಒಳಗಿನವನು ಒಳಗೇ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಪೇಟೆಗೆ ನುಗ್ಗಿದ್ದು ಈ ಹಲಸೂರು ಬಾಗಿಲಿನಿಂದಲೇ. ಬಾಗಿಲು ಈಗ ಇಲ್ಲ, ಕೋಟೆಗೋಡೆಯೂ ಇಲ್ಲ. ಹೆಸರನ್ನು ಮಾತ್ರ ಠಾಣೆಯ ಬೋರ್ಡು ಕಾಪಾಡಿಕೊಂಡು ಬಂದಿದೆ. ನನಗಂತೂ ಆ ಬೋರ್ಡು ಒಂದು ಶಾಸನವೇ.

ಪೇಟೆಯ ಹೊರಗೆ, ಹಲಸೂರಿನ ಬಯಲಲ್ಲಿ, 1809ರಲ್ಲಿ ಬ್ರಿಟಿಷರ ದಂಡು ನೆಲೆಯಾಯಿತು. ಅಲ್ಲಿಂದ ಬೆಂಗಳೂರು ಎರಡು ಊರು. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದಾಗಲೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಬಳಿಯೇ ಉಳಿಯಿತು. ಪೇಟೆಯ ಪೊಲೀಸರು ಮಹಾರಾಜರ ಸರ್ಕಾರದವರು, ದಂಡಿನ ಪೊಲೀಸರು ಬೇರೆ. 1947ರಲ್ಲಿ ದಂಡು ಮೈಸೂರಿಗೆ ವಾಪಸ್ ಬಂತು. 1949ರಲ್ಲಿ ಎರಡೂ ಕಡೆಯ ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆಯಿತು.

ಕಂದಾಚಾರದಿಂದ ಪೇದೆಗೆ

ಸರಿ, ಪೇಟೆಯ ಕಡೆಯ ಪೊಲೀಸರು ಎಲ್ಲಿಂದ ಬಂದರು? ತಳವಾರರಿಂದಲೇ ಅಂತ ಅಂದುಕೊಳ್ಳುವುದು ಸಹಜ. ಹಾಗಲ್ಲ.

ಚಿಕ್ಕದೇವರಾಜ ಒಡೆಯರ ಅಠಾರಾ ಕಚೇರಿಯಲ್ಲಿ ಕಂದಾಚಾರ ಅನ್ನುವ ಇಲಾಖೆಯೊಂದಿತ್ತು. ಇವತ್ತು ಕಂದಾಚಾರ ಅಂದರೆ ಮೂಢನಂಬಿಕೆ ಅಂತ ಅರ್ಥ. ಆಗ ಅದು ಕಾಲಾಳುಗಳ ಪಡೆ. ಕಂದಾಚಾರದ ಆಳುಗಳು ಸೈನಿಕರೂ ಹೌದು, ಕಂದಾಯ ವಸೂಲಿಗೆ ಹೋಗುವವರೂ ಹೌದು, ಕಳ್ಳರನ್ನು ಹಿಡಿಯುವವರೂ ಹೌದು. ಪೂರ್ಣಯ್ಯನವರ ಆಡಳಿತದಲ್ಲೂ, 1831ರ ನಂತರ ಬ್ರಿಟಿಷ್ ಕಮಿಷನರುಗಳ ಕಾಲದಲ್ಲೂ ಇವರು ಮುಂದುವರಿದರು. ತಾಲ್ಲೂಕಿನಲ್ಲಿ ಅಮಲ್ದಾರ ಹೇಳಿದ ಕೆಲಸ ಮಾಡುವುದು, ಅಷ್ಟೇ. ನಾವು ಇವತ್ತಿಗೂ ಬಳಸುವ "ಪೇದೆ" ಪದ ಪಾರ್ಸಿಯ ಪಿಯಾದಾ, ಅಂದರೆ ಕಾಲಾಳು. ಹೆಸರೇ ಹೇಳುವ ಹಾಗೆ ಪೇದೆಯ ಹಿರೀಕ ಸೈನ್ಯದವನು, ಊರಿನ ತಳವಾರನಲ್ಲ.

1857ರ ನಂತರ ಬ್ರಿಟಿಷರು ತಂದ 1861ರ ಪೊಲೀಸ್ ಕಾಯ್ದೆ ಈ ಪಡೆಗೆ ಹೊಸ ಅಚ್ಚು ಹಾಕಿತು. ಮುಂದಿನ ವರ್ಷಗಳಲ್ಲಿ ಅದೇ ಮಾದರಿ ಮೈಸೂರಿಗೂ ಬಂತು. ಆ ಕಾಯ್ದೆ ಪೊಲೀಸನ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಮೇಲಿನವರ ಆಜ್ಞೆ ಪಾಲಿಸುವುದು, ಸಾರ್ವಜನಿಕ ಶಾಂತಿಗೆ ಸಂಬಂಧಿಸಿದ ಸುದ್ದಿ ಸಂಗ್ರಹಿಸಿ ತಿಳಿಸುವುದು, ಅಪರಾಧ ತಡೆಯುವುದು, ಅಪರಾಧಿಗಳನ್ನು ಪತ್ತೆಹಚ್ಚಿ ಹಿಡಿಯುವುದು. ಕಳೆದ ಸೊತ್ತನ್ನು ಕಟ್ಟಿಕೊಡುವ ಹೊಣೆ ಆ ಪಟ್ಟಿಯಲ್ಲಿಲ್ಲ. ನೂರಾರು ವರ್ಷ ಸ್ಮೃತಿಗಳು ಹೇಳಿಕೊಂಡು ಬಂದ "ಕಾದವನೇ ಹೊಣೆ" ಅನ್ನುವ ಮಾತು ಇಲ್ಲಿ ಸದ್ದಿಲ್ಲದೆ ಮುಗಿಯಿತು. ಅದರ ಜಾಗಕ್ಕೆ ದೂರು, ದಾಖಲೆ, ತನಿಖೆ, ಕೋರ್ಟು ಬಂದವು. ಇದರಿಂದ ಲಾಭವೂ ಆಯಿತು. ಕಳ್ಳ ಸಿಗಲಿಲ್ಲ ಅಂತ ಬಡ ಕಾವಲುಗಾರನ ಮನೆ ಮುರಿಯುವುದು ತಪ್ಪಿತು. ಶಿಕ್ಷೆ ಕೊಡುವವರು, ಹಿಡಿಯುವವರು ಬೇರೆ ಬೇರೆಯಾದರು.

1885ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ರತ್ಯೇಕ ಇನ್ಸ್‌ಪೆಕ್ಟರ್ ಜನರಲ್ ಆಫ್ ಪೊಲೀಸ್ ಹುದ್ದೆ ಬಂತು. ಮುಂದೆ ದಿವಾನರಾದ ವಿ.ಪಿ. ಮಾಧವರಾಯರೂ ಈ ಹುದ್ದೆಯಲ್ಲಿದ್ದವರು. 1898ರಲ್ಲಿ ಪ್ಲೇಗು ಬಂದು ಬೆಂಗಳೂರು ತತ್ತರಿಸಿದಾಗ ಪ್ಲೇಗ್ ಕಮಿಷನರ್ ಆಗಿದ್ದವರೂ ಅವರೇ. ಪ್ಲೇಗಿನ ಪೆಟ್ಟಿನ ಮೇಲೆ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಹರಡಿದರು. ಬಾಗಿಲು ಮುಚ್ಚಿ ಊರು ಕಾಯುವ ಕಾಲ ಅಲ್ಲಿಗೆ ಪೂರ್ತಿ ಮುಗಿಯಿತು. ಬಾಗಿಲೇ ಇಲ್ಲದ ಊರಿಗೆ ಗಸ್ತು ಬೇಕು, ಬಡಾವಣೆಗೊಂದು ಠಾಣೆ ಬೇಕು.

1963

ಈಗ ಒಂದೇ ವರ್ಷದಲ್ಲಿ ನಡೆದ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಡುತ್ತೇನೆ.

1963ರಲ್ಲಿ ಬೆಂಗಳೂರು ನಗರಕ್ಕೆ ಪೊಲೀಸ್ ಕಮಿಷನರ್ ಹುದ್ದೆ ಬಂತು. ಸಿ. ಚಾಂಡಿ ಮೊದಲ ಕಮಿಷನರ್. ಬೆಳೆಯುವ ನಗರಕ್ಕೆ ಜಿಲ್ಲೆಯ ಮಾದರಿ ಸಾಲದು, ತನ್ನದೇ ಕಮಿಷನರೇಟ್ ಬೇಕು ಅಂತ ಒಪ್ಪಿಕೊಂಡ ವರ್ಷ ಅದು.

ಅದೇ 1963ರ ಫೆಬ್ರವರಿ 1ರಂದು ಮೈಸೂರು ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಜಾರಿಗೆ ಬಂತು. 1961ರಲ್ಲಿ ಆದ ಕಾಯ್ದೆ ಅದು. ಪಟೇಲ, ಶ್ಯಾನುಭೋಗ, ನೀರಗಂಟಿ, ತೋಟಿ ಇವರ ಜೊತೆಗೆ ತಳವಾರನ ವಂಶಪಾರಂಪರ್ಯ ಹುದ್ದೆಯೂ ಅಂದಿಗೆ ಕೊನೆಯಾಯಿತು. ಹುಟ್ಟಿನಿಂದ ಕೆಲಸ ಬರುವ ಪದ್ಧತಿ ಹೋಗಬೇಕಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದೂವರೆ ಸಾವಿರ ವರ್ಷಕ್ಕೂ ಮೀರಿ ಕಲ್ಲು ತಾಮ್ರದ ಮೇಲೆ ಬದುಕಿದ್ದ ಒಂದು ಪದವಿ ಕಾನೂನಿನಿಂದ ಮಾಯವಾದದ್ದು, ನಗರದ ಪೊಲೀಸ್ ವ್ಯವಸ್ಥೆ ಹೊಸ ರೂಪ ಪಡೆದ ವರ್ಷದಲ್ಲೇ. ಒಬ್ಬನ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿಕೊಟ್ಟದ್ದಲ್ಲ ಇದು. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದವು, ಒಂದು ನಿಂತಿತು, ಒಂದು ಬೆಳೆಯಿತು.

ತಳವಾರ ಪೂರ್ತಿ ಹೋಗಿಲ್ಲ. ಮನೆತನದ ಹೆಸರಾಗಿ ನಮ್ಮ ನಡುವೆ ಇದ್ದಾನೆ. ಬೆಂಗಳೂರಿನ ಸುತ್ತಮುತ್ತ ಹಳೆಯ ಜಮೀನಿನ ಕಾಗದ ಬಿಡಿಸಿದರೆ "ತಳವಾರಿಕೆ ಇನಾಮು", "ತೋಟಿ ಇನಾಮು" ಅನ್ನುವ ಮಾತು ಇವತ್ತಿಗೂ ಸಿಗುತ್ತದೆ. ಸೈಟು ಕೊಳ್ಳುವವರು ಅದನ್ನು ನೋಡಿ ಗಾಬರಿಯಾಗಿ ವಕೀಲರ ಹತ್ತಿರ ಓಡ್ತಾರೆ. ನಾವು ಮಾತ್ರ ಅದನ್ನು ಶಾಸನದ ಕೊನೆಯ ಸಾಲಿನ ಹಾಗೆ ಓದಬಹುದು: ಈ ನೆಲವನ್ನು ಒಬ್ಬ ಊರು ಕಾದದ್ದಕ್ಕಾಗಿ ಉಂಡ.

ಇನ್ನೊಂದು ಮಾತು. ಪ್ರತಿ ವರ್ಷ ಅಕ್ಟೋಬರ್ 21ರಂದು ದೇಶದ ಪೊಲೀಸರು ಹುತಾತ್ಮರ ದಿನ ಆಚರಿಸುತ್ತಾರೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಪೊಲೀಸರು ಸತ್ತ ದಿನ ಅದು. ಆ ವರ್ಷ ಕರ್ತವ್ಯದಲ್ಲಿ ಪ್ರಾಣ ಬಿಟ್ಟವರ ಹೆಸರನ್ನು ಅಂದು ಓದುತ್ತಾರೆ. ವೀರಗಲ್ಲು ಮಾಡುತ್ತಿದ್ದ ಕೆಲಸವೂ ಇದೇ, ಹೆಸರನ್ನು ಉಳಿಸುವುದು.

ಹಾಗಾದರೆ ಆ ಹುಡುಗಿಗೆ ಏನು ಹೇಳಬೇಕಿತ್ತು? "ಇರ್ಲಿಲ್ಲ ಪುಟ್ಟಿ. ಪೊಲೀಸ್ ಇರ್ಲಿಲ್ಲ, ಊರಿನವರೇ ಓಡಬೇಕಿತ್ತು. ಕಾಯೋನು ಕಳೆದದ್ದನ್ನ ಕಟ್ಟಿಕೊಡಬೇಕಿತ್ತು. ಈ ಕಲ್ಲಿನಲ್ಲಿರೋನು ಹಾಗೆ ಓಡಿ ಹೋದವನು. ಅದಕ್ಕೇ ಇವನಿಗೆ ಕಲ್ಲು ನಿಲ್ಲಿಸಿದ್ದಾರೆ." ಇಷ್ಟು ಹೇಳಿದ್ದರೆ ಸಾಕಿತ್ತು. ಮುಂದಿನ ಸಲ ಆ ಊರಿಗೆ ಹೋದಾಗ ಹೇಳ್ತೀನಿ, ಅಷ್ಟರಲ್ಲಿ ಕಲ್ಲು ಅಲ್ಲೇ ಇದ್ದರೆ. ಅದರ ಪಕ್ಕದ ಹೊಲಕ್ಕೆ ಆಗಲೇ ಬಡಾವಣೆಯ ಗುರುತಿನ ಕಲ್ಲು ನೆಟ್ಟಿದ್ದಾರೆ. ಜೆಸಿಬಿ ಬಂದರೆ ಎರಡೂ ಕಲ್ಲೇ, ಅದಕ್ಕೆ ಯಾವ ವ್ಯತ್ಯಾಸವೂ ಗೊತ್ತಾಗಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಲ್ಲಿ, ಬಡಾವಣೆಯ ಮೂಲೆಯಲ್ಲಿ, ಮೋರಿಯ ಪಕ್ಕದಲ್ಲಿ ವೀರಗಲ್ಲು ಕಂಡರೆ ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ. ಸೀಮೆಸುಣ್ಣದಲ್ಲಿ ಅಕ್ಷರ ತಿದ್ದಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ, ಊರ ಹಿರಿಯರಿಗೂ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಓದಲು ಬಂದರೆ "ತಳಾರ" ಅನ್ನುವ ಮೂರು ಅಕ್ಷರ ಅಲ್ಲಿದೆಯಾ ಅಂತ ಹುಡುಕಿ. ಊರನ್ನು ಕಾದವನ ಕಲ್ಲನ್ನು ಕಾಯುವ ಸರದಿ ಈಗ ನಮ್ಮದು.